ಕೂಸಿಗೆ ಯಾವ ಸರ್ಕಾರ

ನನ್ನ ಮೊಮ್ಮಗಳು ಹುಟ್ಟಿದಾಗ ಹೆಸರಿನ ಬಗ್ಗೆ ನಮ್ಮಲ್ಲಿ ಜಗಳವೇ ಆಗಲಿಲ್ಲ. ಗಂಗಾಂಬಿಕೆ ಎಂದು ಬೀಗರು ಹೇಳಿದರು, ಆಗಲಿ ಎಂದು ನಾವು ಹೇಳಿದೆವು, ಮುಗಿಯಿತು. ಜಗಳ ಬಂದದ್ದು ಅವಳ ಸರ್ಕಾರದ ವಿಷಯಕ್ಕೆ.

ಒಂದು ಊರಿನ ಎಲ್ಲರಿಗೂ ಒಂದೇ ಸರ್ಕಾರವಿದ್ದ ಕಾಲವನ್ನು ನಾನು ಕಣ್ಣಾರೆ ಕಂಡವನು. ಸರ್ಕಾರ ಹಿಡಿಸದಿದ್ದರೆ ಆಗ ಐದು ವರ್ಷ ಕಟ್ಟೆಯ ಮೇಲೆ ಕೂತು ಬೈಯಬೇಕಿತ್ತು. ಬೈಯುವುದರಲ್ಲೂ ಒಂದು ಸುಖವಿತ್ತು ಅನ್ನಿ. ಆಮೇಲೆ ಯಾರೋ ಬುದ್ಧಿವಂತರು, ಫೋನಿನ ಕಂಪನಿ ಬದಲಾಯಿಸುವ ಹಾಗೆ ಸರ್ಕಾರವನ್ನೂ ಯಾಕೆ ಬದಲಾಯಿಸಬಾರದು ಎಂದು ಕೇಳಿದರು. ಮನೆ ಅದೇ, ಓಣಿ ಅದೇ, ಹೆಂಡತಿ ಅವಳೇ, ಕಾನೂನು ಮಾತ್ರ ನಿಮಗೆ ಬೇಕಾದದ್ದು. ಜನ ಕುಣಿದಾಡಿದರು. ಕಿವಿಯ ಹಿಂದೆ ಚರ್ಮದ ಕೆಳಗೆ ಸಾಸಿವೆ ಕಾಳಿನಷ್ಟು ಒಂದು ಮಣಿ ಇಟ್ಟರು. ಬಾಗಿಲು, ಒಲೆ, ಬಸ್ಸು, ಫ್ರಿಜ್ಜು ಎಲ್ಲವೂ ಆ ಮಣಿಯನ್ನು ಕೇಳಿಕೊಂಡು, ಎದುರಿಗೆ ನಿಂತವರು ಯಾವ ಸರ್ಕಾರದವರು, ಅವರಿಗೆ ಏನು ಸಲ್ಲುತ್ತದೆ, ಏನು ಸಲ್ಲದು ಎಂದು ತಿಳಿದುಕೊಂಡು ನಡೆಯತೊಡಗಿದವು. ತಪ್ಪಿ ನಡೆದರೆ ಮಣಿ ಕಿವಿಯಲ್ಲಿ ಜೀರುಂಡೆಯಂತೆ ಕಿರುಗುಟ್ಟುತ್ತದೆ. ಆ ಸದ್ದನ್ನು ತಡೆದುಕೊಂಡು ತಪ್ಪು ಮುಂದುವರಿಸಿದ ಗಂಡಸನ್ನು ನಾನಿನ್ನೂ ನೋಡಿಲ್ಲ. ಹೆಂಗಸರನ್ನು ನೋಡಿದ್ದೇನೆ.

ನಮ್ಮ ಗದಗ ಜಿಲ್ಲೆಯಲ್ಲಿ ಮೂರು ಸರ್ಕಾರಗಳು ಸಿಗುತ್ತವೆ. ಮೊದಲನೆಯದು ಪಾಲಕ. ಅದು ನಿಮ್ಮನ್ನು ತಾಯಿಯ ಹಾಗೆ ನೋಡಿಕೊಳ್ಳುತ್ತದೆ, ತಾಯಿಯ ಹಾಗೆಯೇ ಏನನ್ನೂ ಮಾಡಲು ಬಿಡುವುದಿಲ್ಲ. ಎರಡನೆಯದು ಮುಕ್ತ. ಅಲ್ಲಿ ಬೇಕಾದ್ದು ಮಾಡಬಹುದು, ಆದರೆ ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಅವರ ಕೂದಲನ್ನೂ ಮುಟ್ಟುವಂತಿಲ್ಲ. ಬಿದ್ದರೆ ಎತ್ತುವವರೂ ಇಲ್ಲ. ಮೂರನೆಯದು ಊರೊಟ್ಟು. ಅಲ್ಲಿ ನಿಮ್ಮ ಮಾತೂ ನಡೆಯುವುದಿಲ್ಲ, ಸಾಹೇಬರ ಮಾತೂ ನಡೆಯುವುದಿಲ್ಲ. ಓಣಿಯ ಹತ್ತು ಮನೆಯವರು ಕೈಯೆತ್ತಿ ಏನು ಹೇಳುತ್ತಾರೋ ಅದೇ ಕಾನೂನು.

ನನ್ನ ಬೀಗರು, ಮುಂಡರಗಿಯ ರಾಚಪ್ಪನವರು, ಪಾಲಕದವರು. ನಿವೃತ್ತ ಹೆಡ್‌ಮಾಸ್ತರರು. ಬದುಕೆಲ್ಲ ಇನ್ನೊಬ್ಬರಿಗೆ ಕೂಡು ಏಳು ಎಂದು ಹೇಳಿದವರು, ಈಗ ತಮಗೆ ಹೇಳುವವರು ಸಿಕ್ಕಿದ್ದಕ್ಕೆ ಬಲು ಸಂತೋಷವಾಗಿದ್ದಾರೆ. ಎರಡನೆಯ ಹೋಳಿಗೆಗೆ ಕೈಯಿಟ್ಟರೆ ಅವರ ಮಣಿ ಕಿರುಗುಟ್ಟುತ್ತದೆ. ಅದೇ ಮಣಿ ಒಂದು ಮಧ್ಯಾಹ್ನ ಅವರ ಎದೆ ತಪ್ಪಿ ಬಡಿಯುವುದನ್ನು ಅವರಿಗಿಂತ ಮೊದಲು ಕೇಳಿಸಿಕೊಂಡು ಆಸ್ಪತ್ರೆಗೆ ಒಯ್ದಿತು ಎಂಬುದನ್ನೂ ಹೇಳಬೇಕು. ಅವರ ಮಗಳು, ನನ್ನ ಸೊಸೆ ಶಿವಲೀಲಾ, ಅದರಲ್ಲೇ ಬೆಳೆದವಳು.

ನನ್ನ ಮಗ ಚನ್ನವೀರ ಮುಕ್ತದವನು. ಅವನನ್ನು ಯಾರೂ ಏನೂ ಕೇಳುವಂತಿಲ್ಲ. ಒಮ್ಮೆ ಬೈಕಿನಿಂದ ಬಿದ್ದು ರಸ್ತೆಯಲ್ಲಿ ಮೈಮರೆತು ಮಲಗಿದ್ದಾಗ, ಅವನದೇ ಸರ್ಕಾರದ ನಾಲ್ಕು ಸಂಭಾವಿತರು ಸುತ್ತ ನಿಂತು, ಎಚ್ಚರವಾಗಿ ಎತ್ತಲು ಒಪ್ಪಿಗೆ ಕೊಡಲಿ ಎಂದು ಕಾದಿದ್ದರು. ಹಾಗಂತ ಅವನನ್ನು ಆಡಿಕೊಳ್ಳಲೂ ಆಗುವುದಿಲ್ಲ. ಜಾತಿ, ಜಾತಕ, ಅವರಿವರ ಮಾತು ಯಾವುದಕ್ಕೂ ಜಗ್ಗದೆ ತನಗೆ ಬೇಕಾದವಳನ್ನು ಮದುವೆಯಾದದ್ದು ಆ ಸರ್ಕಾರದ ಬಲದಿಂದಲೇ.

ನನ್ನ ಹೆಂಡತಿ ನೀಲವ್ವ ಊರೊಟ್ಟಿನವಳು. ಅವಳ ಕಾಲು ಉಳುಕಿದರೆ ಓಣಿಯೇ ಎಣ್ಣೆ ಹಿಡಿದುಕೊಂಡು ಬರುತ್ತದೆ. ಅವಳು ಯಾವ ಸೀರೆ ಉಡಬೇಕು ಎಂಬುದಕ್ಕೂ ಓಣಿಯೇ ಬರುತ್ತದೆ.

ಇನ್ನು ನಾನು, ಸಂಕಣ್ಣ ಹೊಂಬಳ. ನನಗೆ ಸರ್ಕಾರವೇ ಇಲ್ಲ. ಬೇರೆ ಬೇರೆ ಸರ್ಕಾರದ ಇಬ್ಬರು ಎದುರಾದಾಗ ಯಾರ ಕಾನೂನು ಎಷ್ಟು ನಡೆಯಬೇಕು ಎಂದು ಲೆಕ್ಕ ಹಾಕುವ ಯಂತ್ರವೊಂದು ಗದಗಿನಲ್ಲಿದೆ. ಜನ ಅದನ್ನು ತಕ್ಕಡಿ ಎನ್ನುತ್ತಾರೆ. ಅದು ಇರುವ ಕೋಣೆಗೆ ಗಡಿ ಕೊಠಡಿ ಎಂದು ಹೆಸರು. ಮೊದಲು ಗಡಿ ಎಂದರೆ ದೇಶಕ್ಕೂ ದೇಶಕ್ಕೂ ನಡುವೆ ಇರುತ್ತಿತ್ತು, ಈಗ ಗಂಡನಿಗೂ ಹೆಂಡತಿಗೂ ನಡುವೆ ಇರುತ್ತದೆ. ತಕ್ಕಡಿಗೆ ಬಗೆಹರಿಯದ ಪ್ರಕರಣಗಳನ್ನು ನಾನು ನೋಡಬೇಕು. ಪಕ್ಷಪಾತ ಆಗಬಾರದೆಂದು ನನ್ನನ್ನು ತಟಸ್ಥ ಎಂದು ಮಾಡಿಟ್ಟಿದ್ದಾರೆ. ಜಿಲ್ಲೆಗೆ ಒಬ್ಬನೇ ತಟಸ್ಥ. ಯಾರ ಮನೆಯಲ್ಲಾದರೂ ಕೂತು ವಿಚಾರಿಸಬೇಕಾದ್ದರಿಂದ, ತಟಸ್ಥನಿಗೂ ಇನ್ನೊಬ್ಬರಿಗೂ ನಡುವೆ ಯಾವ ಕಾನೂನೂ ನಡೆಯುವುದಿಲ್ಲ. ಯಾರ ಮಣಿಯೂ ನನ್ನ ಮುಂದೆ ಕಿರುಗುಟ್ಟುವುದಿಲ್ಲ. ಇದರ ಜೊತೆಗೆ ಯಾವ ಬಾಗಿಲೂ ನನಗೆ ತೆರೆಯುವುದಿಲ್ಲ, ಯಾವ ಒಲೆಯೂ ನನಗೆ ಹತ್ತುವುದಿಲ್ಲ. ಮೂವತ್ತು ವರ್ಷ ಜಿಲ್ಲೆಗೆಲ್ಲ ನ್ಯಾಯ ಹೇಳಿ, ಸಂಜೆ ಮನೆಗೆ ಬಂದು, ಹೆಂಡತಿ ಬಾಗಿಲು ತೆಗೆಯಲಿ ಎಂದು ಹೊರಗೆ ನಿಂತಿದ್ದೇನೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರೆ. ನಮ್ಮಲ್ಲಿ ಕುಲಾವಿ ಹೊಲಿದಿದ್ದರು, ತೊಟ್ಟಿಲಿಗೆ ಬಣ್ಣ ಬಳಿದಿದ್ದರು. ಕೂಸನ್ನು ಎತ್ತಿಕೊಳ್ಳುವವರು ಯಾರು ಎಂದು ಮಾತ್ರ ಯಾರೂ ಯೋಚಿಸಿರಲಿಲ್ಲ.

ಹುಟ್ಟಿದ ಕೂಡಲೇ ಕೂಸಿಗೆ ಮಣಿ ಇಡುತ್ತಾರೆ, ಅದು ಖಾಲಿ ಇರುತ್ತದೆ. ತೊಟ್ಟಿಲಿಗೆ ಹಾಕುವ ದಿನ ಸೂರ್ಯ ಮುಳುಗುವುದರೊಳಗೆ ತಂದೆತಾಯಿ ಒಪ್ಪಿದವರೊಬ್ಬರು ಕೂಸಿನ ಕಿವಿಯಲ್ಲಿ ಸರ್ಕಾರದ ಹೆಸರು ಹೇಳಿದರೆ ಮಣಿ ಎಚ್ಚರಗೊಂಡು ನೋಂದಣಿಯಾಗುತ್ತದೆ. ಆಮೇಲೆ ಹದಿನೆಂಟು ತುಂಬುವವರೆಗೆ ಬದಲಿಸುವಂತಿಲ್ಲ. ಯಾರೂ ಹೇಳದಿದ್ದರೆ ತಕ್ಕಡಿ ಚೀಟಿ ಎತ್ತುತ್ತದೆ. ಅಲ್ಲಿಯವರೆಗೆ ಖಾಲಿ ಮಣಿಯ ಕೂಸನ್ನು ಮುಟ್ಟುವವರು ಅವರವರ ಕಾನೂನಿನಂತೆ ನಡೆದುಕೊಳ್ಳಬೇಕು. ತಾಯಿಗೊಬ್ಬಳಿಗೆ ವಿನಾಯಿತಿ. ಮೂರೂ ಸರ್ಕಾರಗಳು ಇದುವರೆಗೆ ಒಪ್ಪಿದ ಒಂದೇ ವಿಷಯ ಇದು.

ಕೂಸನ್ನು ನೋಡಲು ನಾವು ಸೊಸೆಯ ತವರು ಮುಂಡರಗಿಗೆ ಹೋಗಿ ಕೆಲವು ದಿನ ಇದ್ದೆವು. ರಾಚಪ್ಪನವರು ಕೈ ತೊಳೆದು, ಬಾಯಿಗೆ ಬಟ್ಟೆ ಕಟ್ಟಿ, ಗೋಡೆಗೆ ಒರಗಿ ಕೂತು ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಸಿಕೊಂಡರು. ಅವರು ನಗುವಷ್ಟರಲ್ಲಿ ಮಣಿ ಸಾಕು ಎಂದಿತು. ನೀಲವ್ವ ಎತ್ತಿಕೊಳ್ಳಲು ಹೋದಾಗ, ನಮ್ಮ ಓಣಿಯ ಹತ್ತು ಮನೆಯವರು ಕೈಯೆತ್ತಬೇಕಾಯಿತು. ಓಣಿ ಗದಗಿನಲ್ಲಿ, ಕೂಸು ಮುಂಡರಗಿಯಲ್ಲಿ. ಅವರಲ್ಲಿ ಇಬ್ಬರು ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಅವರೆದ್ದು ಕೈಯೆತ್ತುವಷ್ಟರಲ್ಲಿ ಕೂಸೇ ನಿದ್ದೆಹೋಗಿತ್ತು.

ಚನ್ನವೀರನ ಪಾಡು ಎಲ್ಲರಿಗಿಂತ ಕಡೆ. ಮುಕ್ತದ ಕಾನೂನಿನಲ್ಲಿ ಇನ್ನೊಬ್ಬರ ಮೈ ಮುಟ್ಟಲು ಅವರ ಒಪ್ಪಿಗೆ ಬೇಕು. ಕೂಸು ಒಪ್ಪಿಗೆ ಕೊಡುವುದು ಹೇಗೆ? ಅವನು ತೊಟ್ಟಿಲ ಪಕ್ಕ ನಿಂತು, "ಎತಗೊಳ್ಳೇನವ್ವಾ?" ಎಂದು ಕೇಳುವನು. ಅದು ಆಕಳಿಸುವುದು. ಅವನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮತ್ತೆ ನಿಲ್ಲುವನು. ಸ್ವಾತಂತ್ರ್ಯ ಅಂದರೆ ಹೀಗಿರುತ್ತದೆ ಎಂದು ಅವನು ಅಂದುಕೊಂಡಿರಲಿಲ್ಲ.

ಇಬ್ಬರ ಜಗಳ ಮೂರನೆಯವನಿಗೆ ಲಾಭ. ಆ ಮನೆಯಲ್ಲಿ ತಾಯಿಯನ್ನು ಬಿಟ್ಟರೆ ಕೂಸನ್ನು ಬೇಕಾದಾಗ ಎತ್ತಿ, ಬೇಕಾದಷ್ಟು ಹೊತ್ತು ಹೆಗಲ ಮೇಲೆ ಹಾಕಿಕೊಂಡು ಅಡ್ಡಾಡಬಲ್ಲವನು ನಾನೊಬ್ಬನೇ. ಬೀಗರ ಎದುರಿಗೆ ಎರಡು ಸುತ್ತು ಹೆಚ್ಚೇ ಅಡ್ಡಾಡುತ್ತಿದ್ದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ನನಗೆ ಬಹಳ ಸಂತೋಷವಾಗುತ್ತಿತ್ತು. ಅದರಲ್ಲಿ ಸ್ವಲ್ಪ ಭಾಗ ಮೊಮ್ಮಗಳದು, ಉಳಿದದ್ದು ಬೀಗರ ಮುಖದ್ದು.

ಹೊರಡುವ ಹೊತ್ತಿಗೆ ಶಿವಲೀಲಾ ಕರೆದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಮಾವಾರ, ನಿಮ್ಮ ತಕ್ಕಡಿಗೆ ಹೇಳ್ರಿ. ನನಗ ಯಾವ ಸರ್ಕಾರ ಆದ್ರೂ ನಡೀತೈತಿ. ಕೂಸು ಅತ್ತಾಗ ಇವರು ಎದ್ದು ಎತಗೊಳ್ಳುವಂಗ ಆಗಬೇಕು. ನಾ ಒಂದೀಟು ನಿದ್ದಿ ಮಾಡಬೇಕು. ನೀವು ಗದಗಕ್ಕ ಹೋದ್ರಂದ್ರ ನಾ ಒಬ್ಬಾಕಿನ ಆಗ್ತೀನಿ."

ನನ್ನ ಸಂತೋಷ ಅರ್ಧಕ್ಕರ್ಧ ಇಳಿಯಿತು.

ಮರುದಿನ ಗಡಿ ಕೊಠಡಿಯಲ್ಲಿ ಮೆಣಸಿನಕಾಯಿಯ ಪ್ರಕರಣವೊಂದು ಕಾಯುತ್ತಿತ್ತು. ಬೆಟಗೇರಿಯಲ್ಲಿ ಮುಕ್ತದವನೊಬ್ಬ ಅಂಗಳದಲ್ಲಿ ಖಾರದಪುಡಿಗೆಂದು ಮೆಣಸಿನಕಾಯಿ ಹುರಿದಿದ್ದ. ಘಾಟು ಪಕ್ಕದ ಪಾಲಕ ಮನೆಗೆ ಹೊಕ್ಕಿತು. ಆ ಮನೆಯವರೆಲ್ಲ ಒಟ್ಟಿಗೆ ಸೀನಿದ್ದರಿಂದ ಕಿಟಕಿಗಳು ತಾವಾಗಿ ಮುಚ್ಚಿ ಆಂಬುಲೆನ್ಸ್ ಬಂತು. ಮೆಣಸಿನಕಾಯಿ ನನ್ನದು, ಬಾಣಲೆ ನನ್ನದು ಎಂದು ಇವನ ವಾದ. ಮೂಗು ಸರ್ಕಾರದ ರಕ್ಷಣೆಯಲ್ಲಿದೆ ಎಂದು ಅವರ ವಾದ. ನಡುವೆ ಎದುರು ಓಣಿಯ ಊರೊಟ್ಟಿನವರು ತಾವಾಗಿ ಸಭೆ ಸೇರಿ, ಎಲ್ಲರ ಮನೆಗೂ ಒಂದೊಂದು ಡಬ್ಬಿ ಖಾರದಪುಡಿ ಕಳಿಸಬೇಕೆಂದು ತೀರ್ಮಾನಿಸಿದ್ದರು.

"ತಪ್ಪು ಗಾಳಿಯದೆಂದು ತೋರುತ್ತದೆ, ಆದರೆ ಗಾಳಿಗೆ ಮಣಿ ಇಲ್ಲ" ಎಂದಿತು ತಕ್ಕಡಿ. ಅದು ಮಾತಾಡುವುದು ಹಳೆಯ ಪಠ್ಯಪುಸ್ತಕದ ಕನ್ನಡ. ಯಾರು ಕಲಿಸಿದರೋ.

ಗಾಳಿ ಇನ್ನೊಂದು ಕಡೆ ತಿರುಗಿದಾಗ ಹುರಿಯಲಿ ಎಂದು ತೀರ್ಪು ಕೊಟ್ಟೆ. ಆ ಕಡೆ ಇರುವುದು ಬಯಲು.

"ಅಧಿಕಾರಿಗಳೇ, ಮುಂದಿನದು ತಮ್ಮ ಮೊಮ್ಮಗಳ ಪ್ರಕರಣ" ಎಂದಿತು. "ಬೀಗರು ಪಾಲಕಕ್ಕಾಗಿಯೂ, ತಮ್ಮ ಪುತ್ರರು ಮುಕ್ತಕ್ಕಾಗಿಯೂ, ತಮ್ಮ ಧರ್ಮಪತ್ನಿಯವರು ಊರೊಟ್ಟಿಗಾಗಿಯೂ ಅರಿಕೆ ಮಾಡಿದ್ದಾರೆ. ತಾವು ಬಂಧುಗಳಾದ್ದರಿಂದ ತೀರ್ಪು ಕೊಡುವಂತಿಲ್ಲ."

"ತೀರ್ಪ ಬ್ಯಾಡ. ಮೂರರೊಳಗ ಯಾವ್ದಾದ್ರ ಎಲ್ಲಾರೂ ಕೂಸನ್ನ ಎತಗೊಳ್ಳಾಕ ಬರ್ತೈತಿ? ಅಷ್ಟ ಹೇಳು."

ತಕ್ಕಡಿ ಒಂದೊಂದನ್ನೇ ತೂಗಿತು. "ಪಾಲಕವಾದರೆ ತಾಯಿಯ ಕಡೆಯವರು ವೇಳೆಗೆ ಸರಿಯಾಗಿ ಎತ್ತಿಕೊಳ್ಳಬಹುದು, ತಂದೆಯವರು ಭೇಟಿಯ ಹೊತ್ತಿನಲ್ಲಿ ನೋಡಬಹುದು. ಮುಕ್ತವಾದರೆ ಮಗು ಹೂಂ ಎನ್ನಲು ಕಲಿಯುವವರೆಗೆ ತಾಯಿಯ ಹೊರತು ಯಾರೂ ಮುಟ್ಟುವಂತಿಲ್ಲ. ಊರೊಟ್ಟು ಆದರೆ ಓಣಿಯವರೆಲ್ಲರೂ ಎತ್ತಿಕೊಳ್ಳಬಹುದು, ಮಗುವಿಗೆ ಮಲಗಲು ಬಿಡುವಿರುವುದಿಲ್ಲ. ಎಲ್ಲರೂ ಎಂಬ ಉತ್ತರ ನನಗೆ ದೊರೆಯುತ್ತಿಲ್ಲ."

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಮಾಡಿದವರು ಮೂರು ಸರ್ಕಾರಗಳ ಜಗಳ ನೋಡಿರಲಿಲ್ಲ.

ಕಡೆಗೆ ದಾರಿ ಹುಡುಕಿದವಳು ನೀಲವ್ವ. ನಮ್ಮ ಕಡೆ ತೊಟ್ಟಿಲಿಗೆ ಹಾಕುವಾಗ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅವಳು ವೀಳ್ಯದೆಲೆ ಅಡ್ಡ ಹಿಡಿದು ಕುರ್ರ್ ಎಂದು ಊದಿ ಹೆಸರು ಹೇಳಬೇಕು, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಹೆಸರಿನ ಜೊತೆಗೆ ಸರ್ಕಾರದ ಹೆಸರನ್ನೂ ಅವಳೇ ಹೇಳಿಬಿಡಲಿ ಎಂದಳು. ಸೋದರತ್ತೆ ಎಂದರೆ ನನ್ನ ಮಗಳು ದಾನಮ್ಮ.

ಆಶ್ಚರ್ಯವೆಂದರೆ ಎಲ್ಲರೂ ಒಪ್ಪಿದರು. ದಾನಮ್ಮ ಅಣ್ಣಿಗೇರಿಯಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟಿದ್ದಾಳೆ, ಮಾತಿನಲ್ಲಿ ಯಾರಿಗೂ ಸೋಲುವವಳಲ್ಲ. ಸರ್ಕಾರಗಳು ಹಬ್ಬಕ್ಕೆ ರಿಯಾಯಿತಿ ಕೊಟ್ಟಾಗಲೆಲ್ಲ ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಹಾರುತ್ತಾಳೆ. ಹಲ್ಲು ಕಟ್ಟಿಸಲು ಪಾಲಕ, ಅಂಗಡಿ ತೆರೆಯಲು ಮುಕ್ತ, ಮಗಳ ಮದುವೆಗೆ ಊರೊಟ್ಟು. ಆದ್ದರಿಂದ ಅವಳು ತಮ್ಮವಳೇ ಎಂದು ಪ್ರತಿಯೊಬ್ಬರಿಗೂ ಅನಿಸಿತ್ತು. ರಾಚಪ್ಪನವರು ಅವಳನ್ನು ಊಟಕ್ಕೆ ಕರೆದರು. ಚನ್ನವೀರ ತಾನೇ ಅಣ್ಣಿಗೇರಿಗೆ ಹೋಗಿ ಬಂದ. ನೀಲವ್ವ ಓಣಿಯನ್ನೇ ಕಟ್ಟಿಕೊಂಡು ಹೋದಳು. ಬಂದವರಿಗೆಲ್ಲ ಅವಳು, "ಕೂಸಿಗೆ ಚೊಲೋ ಆಗೂದ ಮಾಡ್ತೀನಿ, ಚಿಂತಿ ಬ್ಯಾಡ" ಎಂದಳು. ಪ್ರತಿಯೊಬ್ಬರೂ ಅದನ್ನು ತಮಗೆ ಬೇಕಾದ ಹಾಗೆ ಕೇಳಿಸಿಕೊಂಡು ಬಂದರು.

ನಾನೂ ಫೋನು ಮಾಡಿದೆ.

"ಏನ ಹೇಳಾಕಿ ಅದಿ?"

"ನಿನಗ್ಯಾಕ ಬೇಕಪ್ಪಾ? ನೀ ತಟಸ್ಥ ಅದಿ, ಸುಮ್ನ ಕೂಡು" ಎಂದಳು.

ತೊಟ್ಟಿಲ ಕಾರ್ಯದ ದಿನ ಮುಂಡರಗಿಯ ಮನೆ ತುಂಬಿ ಹೋಗಿತ್ತು, ಗದಗಿನಿಂದ ನಮ್ಮ ಓಣಿಯೂ ಬಂದಿತ್ತು. ಗುಗ್ಗರಿಯ ಬುಟ್ಟಿ ಒಂದು ಕಡೆ, ಜೋಗುಳ ಹಾಡುವ ಹೆಂಗಸರು ಒಂದು ಕಡೆ. ಗಂಡಸರು ಹೊರಗೆ ಕೂಡಬೇಕಾದ ಕಾರ್ಯ ಅದು. ಆದರೆ ನನ್ನನ್ನು ಒಳಗೆ ಎಳೆದರು. ಕೂಸನ್ನು ತೊಟ್ಟಿಲ ಮೇಲಿಂದ ಒಬ್ಬರು ಕೊಟ್ಟು ಇನ್ನೊಬ್ಬರು ಈಸಿಕೊಳ್ಳುವುದು ಪದ್ಧತಿ. ಬಾಣಂತಿ ಎದ್ದು ಓಡಾಡಬಾರದು. ಉಳಿದವರು ಮುಟ್ಟಿದರೆ ಒಂದಲ್ಲ ಒಂದು ಮಣಿ ಕಿರುಗುಟ್ಟುತ್ತದೆ. ಹೀಗಾಗಿ ಕೊಡುವವನೂ ನಾನೇ, ಈಸಿಕೊಳ್ಳುವವನೂ ನಾನೇ. ಕೂಸನ್ನು ಈ ಕಡೆಯಿಂದ ತೊಟ್ಟಿಲಲ್ಲಿ ಇಟ್ಟು, ಧೋತರ ಎತ್ತಿಕೊಂಡು ಸುತ್ತು ಹಾಕಿ ಓಡಿ, ಆ ಕಡೆಯಿಂದ ಎತ್ತಿಕೊಂಡೆ. ಐದು ಸಲ ಆಗಬೇಕು ಎಂದರು. ಮೂರನೆಯ ಸಲಕ್ಕೆ ನನಗೆ ದಮ್ಮು ಹತ್ತಿತು, ಹೆಂಗಸರು ಹಾಡು ಬಿಟ್ಟು ನಗತೊಡಗಿದರು. ರಾಚಪ್ಪನವರು ಹೊಸಿಲ ಹೊರಗೆ ನಿಂತು, "ಸಾವಕಾಶ ಬೀಗರ, ಎದಿ ನೋಡ್ಕೋರಿ" ಎಂದು ಬಹಳ ಕಾಳಜಿಯಿಂದ ಹೇಳಿದರು.

ಆಮೇಲೆ ದಾನಮ್ಮ ಬಂದು ತೊಟ್ಟಿಲ ಮೇಲೆ ಬಗ್ಗಿದಳು. ತಕ್ಕಡಿಯ ದನಿ ಕೇಳಿಸಲೆಂದು ನಾನು ಕಚೇರಿಯ ಕೈಯಂತ್ರವನ್ನು ಹಿಡಿದು ನಿಂತಿದ್ದೆ. ಅವಳು ಎಲೆ ಅಡ್ಡ ಹಿಡಿದು ಕುರ್ರ್ ಎಂದಳು, ಹೆಸರು ಹೇಳಿದಳು, ಇನ್ನೇನೋ ಹೇಳಿದಳು. ಹೆಂಗಸರು ಧಬಧಬನೆ ಬೆನ್ನಿಗೆ ಗುದ್ದಿದರು. ಪಾಲಕದ ಮಣಿಗಳು ಹಲ್ಲೆ ಎಂದು ಕಿರುಗುಟ್ಟಿದವು, ಮುಕ್ತದವು ಒಪ್ಪಿಗೆ ಎಲ್ಲಿ ಎಂದು ಕಿರುಗುಟ್ಟಿದವು. ಒಬ್ಬ ಹೆಂಗಸೂ ಕೈ ತಡೆಯಲಿಲ್ಲ.

ಸದ್ದಡಗಿದ ಮೇಲೆ ತಕ್ಕಡಿ ಹೇಳಿತು: "ಕುಮಾರಿ ಗಂಗಾಂಬಿಕೆ. ನೋಂದಣಿ, ತಟಸ್ಥ."

ಯಾರಿಗೂ ಅರ್ಥವಾಗಲಿಲ್ಲ. ಮೊದಲು ಅರ್ಥವಾದದ್ದು ನನಗೆ.

"ತಟಸ್ಥ ಅನ್ನೂದು ಸರ್ಕಾರ ಅಲ್ಲ, ಅದು ನೌಕರಿ" ಎಂದೆ.

"ಅಹುದು" ಎಂದಿತು ತಕ್ಕಡಿ. "ಅರ್ಹತೆಗಳನ್ನು ಪರಿಶೀಲಿಸಿದೆ. ಅಭ್ಯರ್ಥಿಯು ಯಾವ ಸರ್ಕಾರಕ್ಕೂ ಸೇರಿರಬಾರದು, ಸೇರಿಲ್ಲ. ಯಾರ ಪರವಾಗಿಯೂ ಮಾತಾಡಿರಬಾರದು, ಆಡಿಲ್ಲ. ಯಾರ ಮೇಲೂ ಹಗೆ ಇರಬಾರದು, ಇಲ್ಲ. ಗರಿಷ್ಠ ವಯೋಮಿತಿ ಮೀರಿಲ್ಲ. ಕನಿಷ್ಠ ವಯೋಮಿತಿಯನ್ನು ನಿಯಮ ಮಾಡಿದವರು ಬರೆದಿಲ್ಲ. ಇಷ್ಟು ಯೋಗ್ಯ ಅಭ್ಯರ್ಥಿ ಈವರೆಗೆ ಬಂದಿರಲಿಲ್ಲ."

ಈವರೆಗೆ ಎಂದರೆ ಅದರಲ್ಲಿ ನಾನೂ ಸೇರಿದೆ. ಅದನ್ನು ಆಗಲೂ ಗಮನಿಸಿದೆ, ಈಗಲೂ ಮರೆತಿಲ್ಲ.

"ಆದರೆ ಜಿಲ್ಲೆಗೆ ಒಂದೇ ಹುದ್ದೆ" ಎಂದು ಅದು ಮುಂದುವರಿಸಿತು. "ಈಗಿನ ಅಧಿಕಾರಿಗಳು ಸೂರ್ಯಾಸ್ತದೊಳಗೆ ತಮ್ಮ ದನಿಯಲ್ಲಿ ಒಂದು ಸರ್ಕಾರವನ್ನು ಆರಿಸಿಕೊಂಡು ಹುದ್ದೆ ಬಿಟ್ಟುಕೊಟ್ಟರೆ ಈ ನೋಂದಣಿ ಊರ್ಜಿತ. ಇಲ್ಲವಾದರೆ ಚೀಟಿ."

ಎಲ್ಲರೂ ನನ್ನ ಕಡೆ ತಿರುಗಿದರು. ದಾನಮ್ಮ ಬೆನ್ನು ನೀವಿಕೊಳ್ಳುತ್ತ ಬಂದಳು.

"ಅಪ್ಪಾ, ಸಿಟ್ಟಾಗಬ್ಯಾಡ. ನಾ ಮೂರೂ ಕಡೆ ಇದ್ದು ಬಂದಾಕಿ. ಮೂರೂ ಚೊಲೋನ ಅದಾವ, ಮೂರೂ ಎರಡ ತಿಂಗಳಿಗೆ ಸಾಕಾಕ್ಕಾವ. ಬ್ಯಾಸರಾದ್ರ ನಾ ಬದಲಿ ಮಾಡ್ತೀನಿ. ಕೂಸು ಹದಿನೆಂಟು ವರ್ಷ ಎಲ್ಲಿ ಬದಲಿ ಮಾಡ್ತೈತಿ? ಅದು ತಟಸ್ಥ ಆದ್ರ ಯಾರ ಎತಗೊಂಡ್ರೂ ಯಾರ ಮಣೀನೂ ಒದರೂದಿಲ್ಲ. ನಿನ್ನ ಎತಗೊಂಡ್ರ ಒದರ್ತಿತ್ತೇನು?"

"ನನ್ನನ್ನ ಯಾರ ಎತಗೊಂಡಾರ" ಎಂದೆ.

"ಹಂಗಾರ ಕೂಸಿಗೆ ಬಾಗಿಲಾ ಯಾರು ತೆಗೀತಾರ? ಒಲಿ ಯಾರು ಹಚ್ಚತಾರ?" ಎಂದರು ರಾಚಪ್ಪನವರು. ಪಾಲಕದವರಲ್ಲವೇ, ಮೊದಲು ತೊಂದರೆಯೇ ಕಾಣುತ್ತದೆ.

"ನಾವೆಲ್ಲಾ ಯಾಕ ಅದೀವ್ರಿ?" ಎಂದಳು ಶಿವಲೀಲಾ ಹಾಸಿಗೆಯಿಂದಲೇ. "ಎಲ್ಲಾ ಕೂಸುಗೋಳಿಗೂ ಯಾರರ ತೆಗಿಯೂದ ಅಲ್ಲೇನು?"

ಕಪ್ಪತಗುಡ್ಡದ ಕಡೆ ಸೂರ್ಯ ಇಳಿಯುತ್ತಿದ್ದ. ನಾನು ಕೂಡಲೇ ಹೂಂ ಎನ್ನಬೇಕಿತ್ತು, ಅನ್ನಲಿಲ್ಲ. ನೌಕರಿಯ ಆಸೆ ಇತ್ತು. ಮೂರು ಸರ್ಕಾರದವರೂ ನನ್ನ ಮುಂದೆ ಧ್ವನಿ ತಗ್ಗಿಸಿ ಮಾತಾಡುತ್ತಿದ್ದರಲ್ಲ, ಅದರ ಆಸೆ ಇನ್ನೂ ಹೆಚ್ಚಿತ್ತು. ಆದರೆ ನಿಜವಾಗಿ ತಡೆದದ್ದು ಬೇರೆ. ನಾನು ಸುಮ್ಮನಿದ್ದರೆ, ಚೀಟಿಯಲ್ಲಿ ಯಾವ ಸರ್ಕಾರ ಬಂದರೂ, ಆ ಕೂಸನ್ನು ಕಟ್ಟಿಲ್ಲದೆ ಎತ್ತಿ ಆಡಿಸುವ ಅಜ್ಜ ನಾನೊಬ್ಬನೇ ಆಗಿ ಉಳಿಯುತ್ತಿದ್ದೆ. ಹದಿನೆಂಟು ವರ್ಷ ಅವಳು ನನ್ನವಳು. ಹೂಂ ಎಂದರೆ ಎಲ್ಲರವಳು. ಬೀಗರವಳೂ.

ಚನ್ನವೀರ ತೊಟ್ಟಿಲ ಪಕ್ಕದಲ್ಲಿ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಅವನು ನನ್ನನ್ನು ಏನೂ ಕೇಳಲಿಲ್ಲ. ಅವನ ಸರ್ಕಾರದಲ್ಲಿ ಇನ್ನೊಬ್ಬರ ತೀರ್ಮಾನದಲ್ಲಿ ಬಾಯಿ ಹಾಕುವಂತಿಲ್ಲ. ಆದರೆ ಮುಖ ಕೇಳುತ್ತಿತ್ತು. ಅವನು ಚಿಕ್ಕವನಿದ್ದಾಗ ಜಾತ್ರೆಯ ಬಲೂನಿಗೂ ಅದೇ ಮುಖ ಮಾಡುತ್ತಿದ್ದ, ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಬಿಟ್ಟೆ" ಎಂದೆ ಕೈಯಂತ್ರಕ್ಕೆ.

"ಯಾವ ಸರ್ಕಾರ?" ಎಂದಿತು ತಕ್ಕಡಿ.

ಒಮ್ಮೆಲೇ ಗದ್ದಲವಾಯಿತು. ರಾಚಪ್ಪನವರು, "ಬೀಗರ, ನಿಮಗೂ ವಯಸ್ಸಾತು, ಪಾಲಕಕ್ಕ ಬರ್ರಿ, ಮಂಡಿ ನೋವು ಅವರ ನೋಡ್ಕೋತಾರ" ಎಂದರು. ಓಣಿಯವರು ಆಗಲೇ ಕೈಯೆತ್ತಿದ್ದರು. ನೀಲವ್ವ ನನ್ನನ್ನು ನೋಡಿದಳು ಅಷ್ಟೇ.

"ಊರೊಟ್ಟು" ಎಂದೆ. ಮನೆಯಲ್ಲಿ ಹೇಗೂ ಅಷ್ಟು ವರ್ಷಗಳಿಂದ ಅದೇ ನಡೆಯುತ್ತಿತ್ತು, ನೋಂದಣಿ ಮಾತ್ರ ಬಾಕಿ ಇತ್ತು.

"ನಿವೃತ್ತ ಅಧಿಕಾರಿಗಳಿಗೆ ವಂದನೆಗಳು" ಎಂದಿತು ತಕ್ಕಡಿ. "ನೂತನ ಅಧಿಕಾರಿಗಳು ಮಾತು ಕಲಿಯುವವರೆಗೆ ಜಿಲ್ಲೆಯ ಎಲ್ಲ ಪ್ರಕರಣಗಳನ್ನೂ ಮುಂದೂಡಲಾಗಿದೆ. ಕಕ್ಷಿದಾರರು ಅಲ್ಲಿಯವರೆಗೆ ಪರಸ್ಪರ ಮಾತಾಡಿಕೊಂಡು ನಿಭಾಯಿಸತಕ್ಕದ್ದು."

ಯಾರೂ ಅದನ್ನು ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ಚನ್ನವೀರನನ್ನು ನೋಡುತ್ತಿದ್ದರು. ಅವನು ಬಗ್ಗಿ, ರೂಢಿಯಂತೆ, "ಎತಗೊಳ್ಳೇನವ್ವಾ?" ಎಂದ. ಉತ್ತರಕ್ಕೆ ಕಾಯದೆ ಎರಡೂ ಕೈ ಚಾಚಿ ಎತ್ತಿಕೊಂಡ. ಮಣಿ ಕಿರುಗುಟ್ಟಲಿಲ್ಲ. ಅವನು ಕೂಸಿನ ತಲೆ ಹಿಡಿಯಲು ಬಾರದೆ ಒದ್ದಾಡಿದ, ನಾಲ್ಕು ಹೆಂಗಸರು ನಾಲ್ಕು ರೀತಿ ಹೇಳಿಕೊಟ್ಟರು. ಅವನ ಕಣ್ಣಲ್ಲಿ ನೀರು ಬಂತು. ನನಗೂ ಬಂತು, ನಾನು ಗುಗ್ಗರಿಯ ಬುಟ್ಟಿಯ ಕಡೆ ತಿರುಗಿದೆ. ಹಾಸಿಗೆಯ ಮೇಲೆ ಶಿವಲೀಲಾ ಆಗಲೇ ಗೋಡೆಯ ಕಡೆ ಹೊರಳಿ ಕಣ್ಣು ಮುಚ್ಚಿದ್ದಳು.

ಆಮೇಲೆ ಕೂಸು ನೆಲಕ್ಕೆ ಇಳಿಯಲೇ ಇಲ್ಲ. ಅಪ್ಪನ ಕೈಯಿಂದ ಅತ್ತೆಯ ಕೈಗೆ, ಅತ್ತೆಯಿಂದ ನೀಲವ್ವನಿಗೆ, ಅವಳಿಂದ ರಾಚಪ್ಪನವರಿಗೆ. ಅವರು ಕೂತುಕೊಳ್ಳದೆ, ಬಾಯಿಗೆ ಬಟ್ಟೆ ಕಟ್ಟದೆ, ಅಂಗಳದ ತುಂಬ ಅಡ್ಡಾಡಿದರು. ನನ್ನ ಮುಂದೆ ಎರಡು ಸುತ್ತು ಹೆಚ್ಚೇ ಅಡ್ಡಾಡಿದರು, ನಾನು ಎಣಿಸಿದೆ. ಅವರ ಕೈಯಿಂದ ಓಣಿಯ ಹೆಂಗಸರು ಕಸಿದುಕೊಂಡರು. ನಾನು ಸಾಲಿನಲ್ಲಿ ನಿಂತಿದ್ದೆ. ನನ್ನ ಸರದಿ ಬಂತು ಅನ್ನುವಷ್ಟರಲ್ಲಿ ಯಾರಾದರೊಬ್ಬರು, "ನೀವು ಇಷ್ಟ ದಿನಾ ಎತಗೊಂಡೀರಲ್ರಿ" ಎಂದು ನಡುವೆ ನುಗ್ಗುತ್ತಿದ್ದರು. ತಡೆಯಲು ಕಾನೂನಿಲ್ಲ. ಕೇಳಲು ಅಧಿಕಾರಿಯೂ ಇಲ್ಲ, ಇದ್ದವಳು ಅವರ ಹೆಗಲ ಮೇಲಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದೇನು.

ಆಗ ಒಮ್ಮೆಗೇ ಗದ್ದಲ ನಿಂತಿತು. ಕೂಸನ್ನು ಎತ್ತಿಕೊಂಡಿದ್ದ ಹೆಂಗಸು ಅದನ್ನು ಮೈಯಿಂದ ದೂರ ಹಿಡಿದು, ರೇಷ್ಮೆ ಸೀರೆಯನ್ನು ನೋಡಿಕೊಂಡಳು. ಪಕ್ಕದವಳಿಗೆ ಚಾಚಿದಳು, ಅವಳು ಹಿಂದೆ ಸರಿದಳು. ದಾನಮ್ಮನಿಗೆ ಗುಗ್ಗರಿ ಹಂಚುವುದು ನೆನಪಾಯಿತು. ಚನ್ನವೀರ, "ಅಕಿ ಒಪ್ಪಿಗಿ ಕೇಳ್ರಿ ಮೊದಲ" ಎಂದು ಗೊಣಗಿದ. ರಾಚಪ್ಪನವರು, "ಅಜ್ಜಾರ ಅದಾರಲ್ಲ, ಭಾಳೊತ್ತಾತು ನಿಂತಾರ, ಅವರಿಗೆ ಕೊಡ್ರಿ" ಎಂದು ಧಾರಾಳವಾಗಿ ಹೇಳಿದರು. ಊರೊಟ್ಟಿನವರು ಎಲ್ಲರೂ ಕೈಯೆತ್ತಿದರು, ಒಬ್ಬರೂ ವಿರೋಧಿಸಲಿಲ್ಲ. ಮೂರೂ ಸರ್ಕಾರದವರು ಒಂದೇ ಮಾತಿಗೆ ಒಪ್ಪಿ, ಮೊಣಕಾಲವರೆಗೆ ಒದ್ದೆಯಾದ ನನ್ನ ಮೊಮ್ಮಗಳನ್ನು ತಂದು ನನ್ನ ಕೈಗಿಟ್ಟರು.